ಕೆಂಪು ಚಿಂದಿ ಕಟ್ಟಿದ ತೆನೆ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮೂರಿನ ಮಟ್ಟಿಗೆ ಸುಳ್ಳಾಗಲಿಲ್ಲ. ಊಟ ಬಲ್ಲವನು ಬಸಂತರಾಯ ಸಾಹುಕಾರ. ಮಾತು ಬಲ್ಲವನು ನಾನು, ಕನ್ನಡ ಶಾಲೆಯ ಪಂಢರಿನಾಥ ಮಾಸ್ತರ. ನಾವಿಬ್ಬರೂ ಸೇರಿ ಗುರವ್ವ ಎಂಬ ಹೆಂಗಸಿನ ಬದುಕನ್ನು ಒಂದೇ ಮಧ್ಯಾಹ್ನದಲ್ಲಿ ತಿಂದು ಮುಗಿಸಿದೆವು. ನಮಗೆ ರೋಗವೂ ಬರಲಿಲ್ಲ, ಜಗಳವೂ ಆಗಲಿಲ್ಲ.

ನಮ್ಮೂರು ಇಂಡಿ ತಾಲೂಕಿನದು, ಹಲಸಂಗಿಯಿಂದ ಎರಡು ಹರದಾರಿ. ಎಳ್ಳಮಾವಾಸ್ಯೆ ಆಸುಪಾಸಿನಲ್ಲಿ ಹಿಂಗಾರಿ ಜೋಳದ ತೆನೆಯಲ್ಲಿ ಹಾಲು ಗಟ್ಟಿಯಾಗುತ್ತ ಬರುತ್ತದೆ. ಆಗ ಹೊಲದಲ್ಲೇ ಕುಣಿ ತೋಡಿ, ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಹಸಿರು ಕಾಳು ಉದುರಿಸಿ, ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರಿನ ಜೊತೆ ತಿನ್ನುವುದಕ್ಕೆ ಸೀತನಿ ಎನ್ನುತ್ತೇವೆ. ಅದಕ್ಕೆ ಸಿಗುವುದು ನಾಲ್ಕೈದು ದಿನ ಮಾತ್ರ. ಮೊದಲೇ ಮುರಿದರೆ ಬರೀ ನೀರು, ತಡವಾದರೆ ಕಲ್ಲು. ಎಲ್ಲ ಜೋಳದಲ್ಲೂ ಸೀತನಿ ಆಗುತ್ತದೆ, ಆದರೆ ಸಕ್ಕರಿ ಜೋಳದ ರುಚಿಯೇ ಬೇರೆ. ಅದಕ್ಕೆ ಬೆಲ್ಲ ಹಚ್ಚುವವನನ್ನು ನಮ್ಮ ಹಿರಿಯರು ಬೈಯುತ್ತಿದ್ದರು.

ಎಪ್ಪತ್ತೆರಡರ ಬರ ಮುಗಿದಾಗ ಸುತ್ತಲಿನ ಹಳ್ಳಿಗಳಲ್ಲಿ ಆ ಸಕ್ಕರಿ ಜೋಳದ ಬೀಜ ಉಳಿದದ್ದು ಗುರವ್ವನ ಮನೆಯಲ್ಲಿ ಮಾತ್ರ. ಉಳಿದವರೆಲ್ಲ ಬೀಜವನ್ನೂ ಕುದಿಸಿಕೊಂಡು ಕುಡಿದಿದ್ದರು. ತಪ್ಪೇನಿಲ್ಲ, ಹೊಟ್ಟೆಗೆ ಕಿವಿ ಇಲ್ಲ. ಗುರವ್ವನ ತವರು ಸಿಂದಗಿ ತಾಲೂಕಿನ ಯಂಕಂಚಿ. ಮದುವೆಯಲ್ಲಿ ಅವಳ ತಾಯಿ ಉಡಿ ತುಂಬುವಾಗ ಹಾಕಿದ ಬೀಜ ಅದು. ವರ್ಷ ವರ್ಷವೂ ಬಸಂತರಾಯನ ಹೊಲದಲ್ಲಿ ಬಿತ್ತನೆಗೆ, ಕಳೆಗೆ ದುಡಿದದ್ದಕ್ಕೆ ಅವಳಿಗೆ ಎರಡು ಅಕ್ಕಡಿ ಸಾಲು ಬಿಡುತ್ತಿದ್ದರು. ದೊಡ್ಡ ಬೆಳೆಯ ನಡುವೆ ಹೆಂಗಸರ ಪಾಲಿಗೆ ಬಿಡುವ ಸಾಲುಗಳು ಅವು. ಅದರಲ್ಲಿ ಅವಳು ಸಕ್ಕರಿ ಜೋಳ ಹಾಕುತ್ತಿದ್ದಳು. ಬೀಜ ಬೇಕಾದವರು ಅವಳ ಬಾಗಿಲಿಗೆ ಬಂದು ಸೆರಗು ಒಡ್ಡುತ್ತಿದ್ದರು. ಆ ಓಣಿಯಲ್ಲಿ ಅವಳಿಗೆ ಇದ್ದ ಮರ್ಯಾದೆಯೆಲ್ಲ ಬೀಜ ಇಟ್ಟಿದ್ದ ಗಡಿಗೆಯದು.

ಆ ಗಡಿಗೆ ಉಳಿದದ್ದು ಹೇಗೆ ಎಂಬುದನ್ನು ಹೇಳಬೇಕು. ಬರದಲ್ಲಿ ಅವಳ ಗಂಡ ರೇವಪ್ಪ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಎಪ್ಪತ್ಮೂರರ ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದ. ರೇಶನ್ನಿನಲ್ಲಿ ಕೊಡುತ್ತಿದ್ದ ಪರದೇಶದ ಕೆಂಪು ಜೋಳದ ಗಂಜಿ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಅವನು ಮಲಗಿದ್ದ ಜಾಗದ ಮೇಲೆಯೇ, ಜಂತಿಗೆ ಬೀಜದ ಗಡಿಗೆ ನೇತಾಡುತ್ತಿತ್ತು. ಒಂದು ಬೊಗಸೆ ಅದನ್ನು ಕುದಿಸಿ ಕೊಡು ಎಂದು ಮೂರು ದಿನ ಕೇಳಿದ. ಗುರವ್ವ ಕೊಡಲಿಲ್ಲ. ಇವತ್ತು ತಿಂದರೆ ನಾಳೆ ಬಿತ್ತುವುದೇನು ಎಂದಳಂತೆ. ನಾಲ್ಕನೆಯ ದಿನ ರೇವಪ್ಪ ಸತ್ತ. ಗಂಜಿ ಕೊಟ್ಟಿದ್ದರೆ ಬದುಕುತ್ತಿದ್ದನೋ ಇಲ್ಲವೋ, ದೇವರಿಗೇ ಗೊತ್ತು. ಆದರೆ ಊರು ಸುಮ್ಮನಿರಲಿಲ್ಲ. ಗಂಡನಿಗಿಂತ ಬೀಜ ಹೆಚ್ಚಾಯಿತೇ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ನಾನೂ ಆಡಿಕೊಂಡೆ. ನನಗೆ ತಿಂಗಳ ಪಗಾರ ಬರುತ್ತಿತ್ತು, ಆಡಿಕೊಳ್ಳುವುದಕ್ಕೆ ಏನು ಖರ್ಚು.

ಅದೇ ವರ್ಷ ಮಳೆಯಾಯಿತು. ಆಡಿಕೊಂಡ ಬಾಯಿಗಳೇ ಬಿತ್ತಿಗೆಯ ಹೊತ್ತಿಗೆ ಅವಳ ಬಾಗಿಲಿಗೆ ಬಂದವು. ಯಂಕಂಚಿಯಿಂದ ಅವಳ ಅಣ್ಣನೂ ಬಂದ. ಈ ವರ್ಷ ಬೆಳೆಯಲಿ, ಬರುವ ವರ್ಷ ಎಲ್ಲರಿಗೂ ಕೊಡುತ್ತೇನೆ ಎಂದು ಎಲ್ಲರನ್ನೂ ಕಳಿಸಿದಳು. ಬೀಜವನ್ನು ಒಂದೇ ಸಲ ಪೂರ್ತಿ ಮಣ್ಣಿಗೆ ಹಾಕಬಾರದು ಎಂಬುದು ನಮ್ಮ ಕಡೆ ಹೆಂಗಸರ ಪದ್ಧತಿ. ಅರ್ಧ ಗಡಿಗೆ ಹಾಗೇ ಇಟ್ಟು, ಅರ್ಧವನ್ನು ತನ್ನ ಎರಡು ಸಾಲಿಗೆ ಹಾಕಿದಳು. ಬೆಳೆ ಆಳೆತ್ತರ ಬಂತು. ತೆನೆ ಹೊರಬಿದ್ದಾಗ ಗುರವ್ವ ಒಂದೊಂದನ್ನೂ ಮುಟ್ಟಿ ನೋಡಿ, ತುಂಬಿದ, ಒತ್ತಾದ ಅರವತ್ತು ತೆನೆಗಳನ್ನು ಆರಿಸಿ, ತನ್ನ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಒಂದೊಂದಕ್ಕೂ ಚಿಂದಿ ಕಟ್ಟಿದಳು. ಕೆಂಪು ಕಟ್ಟಿದ ತೆನೆ ಬೀಜದ ತೆನೆ. ಅದು ಗಿಡದಲ್ಲೇ ಇನ್ನೂ ಒಂದೂವರೆ ತಿಂಗಳು ನಿಂತು ಒಣಗಬೇಕು. ನಮ್ಮೂರಲ್ಲಿ ಕಳ್ಳನೂ ಅದನ್ನು ಮುರಿಯುವುದಿಲ್ಲ.

ಇನ್ನು ಸಾಹುಕಾರನ ವಿಷಯ. ಬಸಂತರಾಯನಿಗೆ ನೂರಿಪ್ಪತ್ತು ಎಕರೆ, ಎರಡು ಬಾವಿ, ಒಂದು ಚಿಂತೆ. ಸೊಲ್ಲಾಪುರದ ಜನ ತನ್ನನ್ನು ಹಳ್ಳಿಯವನು ಎನ್ನುತ್ತಾರೆ ಎಂಬುದೇ ಆ ಚಿಂತೆ. ಅಲ್ಲಿ ಅವನಿಗೆ ರಾವಸಾಬ ಎಂಬ ಗೆಳೆಯ, ದೊಡ್ಡ ಖಾನಾವಳಿ ಇಟ್ಟವನು, ಚಳಿಗಾಲದಲ್ಲಿ ಪೇಟೆಯ ಕುಟುಂಬಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಿಜಾಪುರದ ಗೋಳಗುಮ್ಮಟ ತೋರಿಸಿ ತರುವವನು. ಗುಮ್ಮಟದಲ್ಲಿ ಕೂಗಿ ಕೂಗಿ ಹಸಿದವರಿಗೆ ದಾರಿಯಲ್ಲಿ ಹೊಲದ ಊಟ ಹಾಕಿದರೆ ಹೇಗೆ ಎಂದು ಇಬ್ಬರೂ ಮಾತಾಡಿಕೊಂಡರು. ಪೇಟೆಯ ಜನ ಹೊಲ ನೋಡಬೇಕು, ಕೈಯಾರೆ ತೆನೆ ಮುರಿಯಬೇಕು, ಕೆಂಡದ ಮುಂದೆ ಕೂತು ತಿನ್ನಬೇಕು. ರಾವಸಾಬನಿಗೆ ಗಿರಾಕಿ, ಬಸಂತರಾಯನಿಗೆ ಹೆಸರು. ಮರಾಠಿಯಲ್ಲಿ ಪತ್ರ ಬರೆಯಲಿಕ್ಕೆ, ಬಂದವರಿಗೆ ತಿಳಿಸಿ ಹೇಳಲಿಕ್ಕೆ ನಾನು. ನಮ್ಮ ಮನೆಮಾತು ಮರಾಠಿ. ಅದೂ ಅಲ್ಲದೆ ಮಾತಾಡಲಿಕ್ಕೆ ಯಾರಾದರೂ ಕರೆದರೆ ನಾನು ಊಟ ಬಿಟ್ಟು ಹೋಗುವವನು.

ಗುರವ್ವನನ್ನು ಒಪ್ಪಿಸಲು ಬಸಂತರಾಯ ನನ್ನನ್ನೂ ಕರೆದುಕೊಂಡು ಹೊಲಕ್ಕೆ ಹೋದ. ನಲವತ್ತು ಜನ ಬರುತ್ತಾರೆ, ನಿನ್ನ ಸಾಲಿನ ತೆನೆ ಕೊಡು, ಅಷ್ಟೇ ತೂಕದ ಜೋಳ ನನ್ನ ಕಣದಿಂದ ತಗೋ, ಸುಡುವವಳೂ ನೀನೇ ಆಗು ಎಂದ. ಅವಳು ಚಿಂದಿ ಕಟ್ಟಿದ ಒಂದು ತೆನೆಯನ್ನು ಮುಟ್ಟಿ ನೋಡಿದಳು. ಆಮೇಲೆ ಒಂದೇ ಮಾತು ಹೇಳಿದಳು.

"ಕೆಂಪು ಕಟ್ಟಿದ್ದು ಯಾರೂ ಮುಟ್ಟಬಾರ್ದು ನೋಡ್ರಿ ಸಾವ್ಕಾರ್ರ."

"ಮುಟ್ಟೂದಿಲ್ಲ ತಗೋ. ಮಾಸ್ತರ್ರ ಇರ್ತಾರಲ್ಲ, ಅವರ ತಿಳಿಸಿ ಹೇಳ್ತಾರ," ಎಂದ ಬಸಂತರಾಯ.

ನಾನು ಎದೆ ಮುಂದೆ ಮಾಡಿ ಹೌದು ಎಂದೆ. ಅವಳು ನನ್ನ ಮುಖ ನೋಡಿ ಒಪ್ಪಿಕೊಂಡಳು. ಸಾಹುಕಾರನ ಮಾತಿನ ಮೇಲೆ ಅಲ್ಲ, ನನ್ನ ಮಾತಿನ ಮೇಲೆ ಒಪ್ಪಿಕೊಂಡದ್ದು. ಇದನ್ನು ನಾನು ಮರೆತರೆ ನನ್ನಂಥ ನೀಚ ಇನ್ನೊಬ್ಬನಿಲ್ಲ.

ಕಾಳನ್ನು ಉಗುರಿನಿಂದ ಒತ್ತಿ, ಬಂದ ಹಾಲನ್ನು ನೋಡಿ ಅವಳೇ ದಿನ ಹೇಳಿದಳು. ಅದೇ ದಿನಕ್ಕೆ ನಾನು ಪತ್ರ ಬರೆದೆ. ಎಪ್ಪತ್ನಾಲ್ಕರ ಸಂಕ್ರಾಂತಿಗೆ ಇನ್ನೂ ನಾಲ್ಕು ದಿನ ಇರುವಾಗ ಬಸ್ಸು ಬಂತು. ಇಳಿದವರಲ್ಲಿ ವಕೀಲರು, ಬಟ್ಟೆ ಅಂಗಡಿಯವರು, ಬಣ್ಣದ ಕನ್ನಡಕದ ಹೆಂಗಸರು. ಯಾರೂ ಕೆಟ್ಟವರಲ್ಲ. ಕರಿ ಮಣ್ಣು ಮುಟ್ಟಿ ಎಷ್ಟು ಮೆತ್ತಗಿದೆ ಎಂದು ಸಂತೋಷಪಟ್ಟರು. ಬಸಂತರಾಯ ರೇಶ್ಮೆ ರುಮಾಲು ಸುತ್ತಿ ನಿಂತಿದ್ದ. ಗುರವ್ವ ಬೆಳಗಿನಿಂದ ಕೆಂಡ ಮಾಡಿ, ಕುಣಿಯ ಮುಂದೆ ಕೂತು, ಮೊದಲ ತೆನೆಗಳನ್ನು ಸುಟ್ಟು, ತಿಕ್ಕಿ, ಮೊರದಲ್ಲಿ ಹೊಟ್ಟು ಹಾರಿಸಿ ಕೊಡತೊಡಗಿದಳು. ಮೊದಲ ಮುಷ್ಟಿ ಬಾಯಿಗೆ ಬಿದ್ದಾಗ ಆ ನಲವತ್ತು ಜನ ಸುಮ್ಮನಾದದ್ದು ನನಗೆ ಇನ್ನೂ ನೆನಪಿದೆ. ಪೇಟೆಯ ಮಂದಿಯ ಬಾಯಿ ಮುಚ್ಚಿಸುವುದು ಸಣ್ಣ ಕೆಲಸವಲ್ಲ.

ಹೊಟ್ಟೆ ಅರ್ಧ ತುಂಬಿದ ಮೇಲೆ ಅವರಿಗೆ ತಾವೇ ತೆನೆ ಮುರಿಯಬೇಕು ಅನ್ನಿಸಿತು. ನಾನು ಅವರನ್ನು ಸಾಲಿನ ಒಳಗೆ ಕರೆದುಕೊಂಡು ಹೋದೆ. ಜೋಳದ ಮೇಲೆ ಎಂಥ ವ್ಯಾಖ್ಯಾನ ಕೊಟ್ಟೆನೆಂದರೆ ನನಗೇ ನನ್ನ ಮೇಲೆ ಅಭಿಮಾನ ಬಂತು. ಒಬ್ಬ ವಕೀಲರ ಹೆಂಡತಿ ಈ ಕೆಂಪು ಚಿಂದಿ ಏನು ಎಂದು ಕೇಳಿದಳು. ನಾನು ಇವನ್ನು ಮುಟ್ಟಬೇಡಿರಿ ಎಂದು ಮೊದಲು ಹೇಳಬೇಕಿತ್ತು. ನನ್ನ ಚಾಳಿ ನೋಡಿರಿ, ಪೀಠಿಕೆ ಇಲ್ಲದೆ ನನಗೆ ಮಾತೇ ಬರುವುದಿಲ್ಲ. ಇವು ಇಡೀ ಸಾಲಿನಲ್ಲೇ ಆರಿಸಿದ ತೆನೆಗಳು, ಇವುಗಳಷ್ಟು ತುಂಬಿದ್ದು, ಸಿಹಿಯಾದದ್ದು ಬೇರೆ ಯಾವುದೂ ಇಲ್ಲ, ಸಾವಿರದಲ್ಲಿ ಅರವತ್ತು ಮಾತ್ರ ಎಂದು ಮರಾಠಿಯಲ್ಲಿ ಬಣ್ಣ ಕಟ್ಟಿ ಹೇಳಿದೆ. ಬೀಜಕ್ಕೆ ಇಟ್ಟದ್ದು ಎಂಬ ಮಾತಿಗೆ ನಾನು ಬರುವಷ್ಟರಲ್ಲಿ ಅವಳು ಒಂದನ್ನು ಲಟಕ್ಕನೆ ಮುರಿದಿದ್ದಳು. ಹಿಂದಿದ್ದವರಿಗೆ ಕೇಳಿಸಿದ್ದು ಸಿಹಿ ಎಂಬುದಷ್ಟೇ. ಕೆಂಪು ಕಂಡಲ್ಲೆಲ್ಲ ಕೈಗಳು ಹೋದವು. ಗುರವ್ವ ಕಟ್ಟಿದ್ದ ಗುರುತೇ ಅವರಿಗೆ ದಾರಿ ತೋರಿಸಿತು.

ನಾನು ಬೇಡ ಬೇಡ ಎಂದೆ. ನಗುತ್ತ ಎಂದೆ. ಬೈದರೆ ಅತಿಥಿಗಳಿಗೆ ಬೇಜಾರಾದೀತು, ಬಸಂತರಾಯನಿಗೆ ಸಿಟ್ಟು ಬಂದೀತು ಎಂದು ಅಂಜಿ, ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಬೇಡ ಎನ್ನುವವನ ಹಾಗೆ ಬೇಡ ಎಂದೆ. ಅಂಥ ಬೇಡಕ್ಕೆ ಯಾರು ನಿಲ್ಲುತ್ತಾರೆ?

ವಕೀಲರ ಹೆಂಡತಿ ಕೆಂಪು ಚಿಂದಿಯ ತೆನೆಯನ್ನು ಕುಣಿಯ ಮುಂದೆ ಹಿಡಿದಾಗ ಗುರವ್ವನ ಕೈ ಗಾಳಿಯಲ್ಲೇ ನಿಂತಿತು. ಅವಳಿಗೆ ಮರಾಠಿ ಬಾರದು. ಅವಳು ಮೊದಲು ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ. ಆಮೇಲೆ ಬಸಂತರಾಯನನ್ನು ನೋಡಿದಳು.

"ಸಾವ್ಕಾರ್ರ, ಇದು ಬೀಜದ್ದೈತ್ರಿ."

"ಮುರದದ್ದು ತಿರುಗಿ ಹತ್ತತೈತೇನು? ಮಂದಿ ನೋಡಾಕತ್ತಾರ, ಸುಡು," ಎಂದ ಬಸಂತರಾಯ, ಅತಿಥಿಗಳ ಕಡೆ ನಗುಮುಖ ಇಟ್ಟುಕೊಂಡೇ.

ಅವಳು ಚಿಂದಿ ಬಿಚ್ಚಿ ಉಡಿಯಲ್ಲಿ ಹಾಕಿಕೊಂಡು ತೆನೆಯನ್ನು ಕೆಂಡಕ್ಕೆ ಇಟ್ಟಳು. ಆಮೇಲೆ ಇನ್ನೊಂದು ಬಂತು, ಮತ್ತೆ ನಾಲ್ಕು ಬಂದವು. ರಾವಸಾಬ ಒಂದು ಕಟ್ಟನ್ನೇ ತಂದ. ಪ್ರತಿ ಸಲವೂ ಚಿಂದಿ ಬಿಚ್ಚಿ ಉಡಿಗೆ ಹಾಕಿದಳು, ತೆನೆ ಸುಟ್ಟಳು, ತಿಕ್ಕಿ ಕೊಟ್ಟಳು. ಒಂದು ಕಾಳನ್ನೂ ಕರಕು ಮಾಡಲಿಲ್ಲ. ತಿಂದವರು ಬೆರಳು ನೆಕ್ಕಿದರು. ಹೊಟ್ಟೆ ತುಂಬಿದ ಮೇಲೂ ಆಸೆಗೆ ಸುಡಿಸಿಕೊಂಡವರು ಅರ್ಧ ತಿಂದು ಸಾಲಿನಲ್ಲಿ ಚೆಲ್ಲಿದರು. ಉಳಿದ ತೆನೆಗಳನ್ನು ಬಸಂತರಾಯ ಉಮೇದಿನಿಂದ ಮುರಿಸಿ, ಮನೆಗೆ ಒಯ್ಯಲು ಗಂಟು ಕಟ್ಟಿಕೊಟ್ಟ. ಹೊತ್ತು ಇಳಿಯುವಾಗ ಆ ಎರಡು ಸಾಲಿನಲ್ಲಿ ಬರೀ ದಂಟು ನಿಂತಿತ್ತು. ಗುರವ್ವ ಎದ್ದು ಉಡಿ ಬಿಚ್ಚಿ ಚಿಂದಿಗಳನ್ನು ಎಣಿಸಿದಳು. ಅರವತ್ತೂ ಇದ್ದವು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಒಂದು ಸಮಾಧಾನದ ಮಾತಾದರೂ ಹೇಳಲು ಬರುತ್ತಿತ್ತು.

ಇನ್ನು ಅವಳ ಬಳಿ ಉಳಿದದ್ದು ಜಂತಿಯ ಗಡಿಗೆಯಲ್ಲಿದ್ದ ಅರ್ಧ ಬೀಜ. ಬರುವ ವರ್ಷ ಅದನ್ನೇ ಹಾಕಬೇಕು, ಬೆಳೆದರೆ ಊರಿಗೆ ಕೊಡಬೇಕು, ಯಂಕಂಚಿಗೆ ಕಳಿಸಬೇಕು. ಇಲ್ಲವಾದರೆ ರೇವಪ್ಪನ ಸಾವಿಗೆ ಅರ್ಥವಿಲ್ಲ. ಇದನ್ನು ಅವಳು ನನ್ನ ಹೆಂಡತಿ ರುಕ್ಮಿಣೀಬಾಯಿಯ ಮುಂದೆ ಹೇಳಿದ್ದಳಂತೆ. ಹೆಂಡತಿ ಅದನ್ನು ನನಗೆ ತಿಳಿಸಿ, ನೀವು ಗಂಡಸರು ತಿಂದದ್ದು ಜೋಳ ಅಂದುಕೊಂಡಿದ್ದೀರಿ ಎಂದಳು. ಅವತ್ತು ಅವಳು ನನಗೆ ಎರಡನೇ ಸಲ ಅನ್ನ ಬಡಿಸಲಿಲ್ಲ.

ಶ್ರಾವಣದಲ್ಲಿ ಬಸಂತರಾಯ ನನ್ನನ್ನು ಕರೆಸಿದ. ಸೊಲ್ಲಾಪುರದಿಂದ ಪತ್ರ ಬಂದಿತ್ತು. ಬರುವ ಸಂಕ್ರಾಂತಿಗೆ ನಾಲ್ಕು ಬಸ್ಸು, ಎಲ್ಲರಿಗೂ ಅದೇ ಸೀತನಿ ಬೇಕು. ಅವನು ಆಗಲೇ ಲೆಕ್ಕ ಹಾಕಿ ಇಟ್ಟಿದ್ದ. ಬಾವಿಯ ಪಕ್ಕದ ಎಕರೆ ಪೂರ್ತಿ ಸಕ್ಕರಿ ಜೋಳ ಹಾಕುವುದು, ಬೀಜ ಗುರವ್ವನ ಗಡಿಗೆಯಿಂದ. ಅಕ್ಕಡಿ ಸಾಲು ಇನ್ನು ಮೇಲೆ ಯಾರಿಗೂ ಇಲ್ಲ, ನಡುವೆ ಹೆಂಗಸರ ಸಾಲಿದ್ದರೆ ಅತಿಥಿಗಳಿಗೆ ತಿರುಗಾಡಲು ಅಡ್ಡಿ. ಗುರವ್ವನಿಗೆ ಸುಡುವ ಕೆಲಸ ಇದ್ದೇ ಇದೆ, ದಿನಗೂಲಿ ಕೊಡುತ್ತೇನೆ ಎಂದ. ಬೆಳೆದದ್ದರಲ್ಲಿ ಬೀಜಕ್ಕೆ ಬಿಡುವುದು ಎಷ್ಟು ಎಂದು ಕೇಳಿದೆ. ನಾಲ್ಕು ಬಸ್ಸಿಗೆ ಸಾಕಾಗಿ ಉಳಿದರೆ ನೋಡೋಣ ಎಂದ. ಪಂಚಮಿಯ ದಿನ ನಾನೇ ಬಂದು ಬೀಜ ಒಯ್ಯುತ್ತೇನೆ ಎಂದು ಅವಳಿಗೆ ತಿಳಿಸು ಎಂದೂ ಹೇಳಿದ. ಹೊಲ ಅವನದು, ಗುರವ್ವ ಮನೆ ಕಟ್ಟಿಕೊಂಡ ಜಾಗವೂ ಅವನದು. ಅವಳು ಇಲ್ಲ ಎನ್ನಬಹುದು ಎಂಬ ಯೋಚನೆಯೇ ಅವನಿಗೆ ಬರಲಿಲ್ಲ.

ನಾನು ಹೋಗಿ ತಿಳಿಸಿದೆ. ಈ ಸಲ ಪೀಠಿಕೆ ಹಾಕಲಿಲ್ಲ, ನೇರ ಹೇಳಿದೆ. ಕಲಿಯಬಾರದ ಹೊತ್ತಿನಲ್ಲಿ ಕಲಿತೆ. ಗುರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ನನ್ನ ಎರಡು ಸಾಲು ಇಲ್ಲವೇ ಎಂದು ಒಮ್ಮೆ ಕೇಳಿದಳು. ಇಲ್ಲ ಎಂದೆ. ಬರಲಿ, ಪಂಚಮಿ ದಿನ ಬಂದವರು ಅಳ್ಳು ತಿನ್ನದೆ ಹೋಗುವಂತಿಲ್ಲ, ನೀವೂ ಬನ್ನಿ ಎಂದಳು.

ನಾಗರ ಪಂಚಮಿಗೆ ನಮ್ಮಲ್ಲಿ ಮನೆ ಮನೆಗೂ ಜೋಳದ ಕಾಳು ಹುರಿದು ಅಳ್ಳು, ಅಂದರೆ ಅರಳು, ಮಾಡುತ್ತಾರೆ. ಬಂದವರಿಗೆ ಮೊದಲು ಅಳ್ಳಿನ ತಾಟು, ಆಮೇಲೆ ಮಾತು. ಬಸಂತರಾಯ ಬೀಜಕ್ಕೆಂದು ಚೀಲ ಹಿಡಿದುಕೊಂಡು ಬಂದ, ಜೊತೆಗೆ ನಾನೂ. ಗುರವ್ವ ಕಂಬಳಿ ಹಾಸಿ ಕೂರಿಸಿ, ಇಬ್ಬರ ಮುಂದೂ ತಾಟು ಇಟ್ಟಳು. ಹಿಂದೆ ದೊಡ್ಡ ಬುಟ್ಟಿಯಲ್ಲಿ ಇನ್ನೂ ರಾಶಿ ಇತ್ತು. ಒಂಟಿ ಹೆಂಗಸಿನ ಮನೆಗೆ ಇಷ್ಟು ಯಾಕೆ ಎಂದು ನನಗೆ ಅನ್ನಿಸಿತು, ಆದರೆ ಕೈ ಆಗಲೇ ತಾಟಿಗೆ ಹೋಗಿತ್ತು. ಹಗುರಾಗಿತ್ತು, ಬೆಲ್ಲ ಹಾಕದೆಯೇ ಸಿಹಿಯಾಗಿತ್ತು. ಬಸಂತರಾಯ ಎರಡನೇ ತಾಟು ಕೇಳಿ ಹಾಕಿಸಿಕೊಂಡ. ತಿಂದು, ನೀರು ಕುಡಿದು, ಮೀಸೆ ಒರೆಸಿಕೊಂಡ.

"ಗಡಿಗಿ ಇಳಸು ಗುರವ್ವ. ಹೊತ್ತಾತು."

"ಇಳಿಸೇನ್ರಿ," ಎಂದಳು ಗುರವ್ವ. "ನಿಮ್ಮ ತಾಟಿನಾಗ ಐತಿ."

ಬಸಂತರಾಯ ಜಂತಿಯ ಕಡೆ ನೋಡಿದ. ಹಗ್ಗ ಬರಿದೇ ನೇತಾಡುತ್ತಿತ್ತು. ಗಡಿಗೆ ಒಲೆಯ ಪಕ್ಕದಲ್ಲಿ ಬೋರಲಾಗಿತ್ತು. ನನ್ನ ಬಾಯಲ್ಲಿದ್ದ ಅಳ್ಳನ್ನು ಉಗುಳಲೂ ಆಗದೆ, ನುಂಗಲೂ ಆಗದೆ ಕೂತೆ. ಕೊನೆಗೆ ನುಂಗಿದೆ.

ಗುರವ್ವ ಅವನ ಚೀಲ ಎತ್ತಿಕೊಂಡು, ಬುಟ್ಟಿಯಲ್ಲಿದ್ದ ಅಳ್ಳನ್ನೆಲ್ಲ ಅದಕ್ಕೆ ಸುರಿದು, ಬಾಯಿ ಕಟ್ಟಿ ಅವನ ಮುಂದೆ ಇಟ್ಟಳು.

"ಸಾಯೂ ಮುಂದ ನಮ್ಮ ಮನಿಯವರು ಒಂದು ಬೊಗಸಿ ಬೇಡಿದ್ರು, ಕೊಡಲಿಲ್ಲ. ನೀವು ಬೇಡಿದ್ರಿ, ಪೂರಾ ಕೊಟ್ಟೇನಿ. ಒಂದ ಕಾಳ ಇಟ್ಕೊಂಡಿಲ್ಲ. ಒಯ್ದು ಬಿತ್ತ್ರಿ."

ಬಸಂತರಾಯ ಬೈಯುತ್ತಾನೆ, ಮನೆ ಬಿಡಿಸುತ್ತಾನೆ ಎಂದುಕೊಂಡೆ. ಅವನು ಎದ್ದು ರುಮಾಲು ಸರಿ ಮಾಡಿಕೊಂಡು, ನಿನ್ನ ಬುದ್ಧಿ ಇಷ್ಟೇ ಎಂದು ಹೊರಟುಬಿಟ್ಟ. ಚೀಲ ಅಲ್ಲೇ ಉಳಿಯಿತು. ಹಿಂದೆ ನಡೆಯುತ್ತಿದ್ದ ನನಗೆ ಆ ಗಳಿಗೆಯಲ್ಲಿ ಖುಷಿಯಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಒಬ್ಬಳು ಬಡವಿ ಸಾಹುಕಾರನನ್ನು ಸೋಲಿಸಿದಳು, ನಾಲ್ಕು ಬಸ್ಸಿಗೂ ಈಗ ಮಣ್ಣು ತಿನ್ನಿಸಲಿ ಎಂದುಕೊಂಡೆ. ನನಗೆ ಬಸಂತರಾಯನೂ ತಿಳಿದಿರಲಿಲ್ಲ, ಪೇಟೆಯ ನಾಲಿಗೆಯೂ ತಿಳಿದಿರಲಿಲ್ಲ.

ಅವನು ಇಂಡಿ ಪೇಟೆಯಿಂದ ಹೈಬ್ರಿಡ್ ಜೋಳ ತಂದು ಬಾವಿಯ ಪಕ್ಕದ ಎಕರೆಗೆ ಹಾಕಿಸಿದ. ನೀರು ಬಿಟ್ಟು ಬೆಳೆಸಿದ. ಸಂಕ್ರಾಂತಿ ಹತ್ತಿರ ಬಂದಾಗ ರಾವಸಾಬ ಇನ್ನೊಂದು ಪತ್ರ ಬರೆದ. ಜನ ಹೋದ ವರ್ಷದ ಕೆಂಪು ಕಟ್ಟಿದ ತೆನೆಯನ್ನೇ ನೆನೆಸುತ್ತಿದ್ದಾರೆ, ಅದು ಇರಲೇಬೇಕು ಎಂದಿತ್ತು ಅದರಲ್ಲಿ. ಬಸಂತರಾಯ ನಕ್ಕು, ಐದು ಮೊಳ ಕೆಂಪು ಬಟ್ಟೆ ತರಿಸಿ ಗುರವ್ವನ ಕೈಗೆ ಕೊಟ್ಟ. ದಿನಗೂಲಿಗೆ ಬಂದ ಅವಳು ಬಟ್ಟೆಯನ್ನು ಸಣ್ಣಗೆ ಹರಿದು, ಸಾಲು ಹಿಡಿದು, ಕೈಗೆ ಸಿಕ್ಕ ತೆನೆಗೆಲ್ಲ ಕಟ್ಟುತ್ತ ಹೋದಳು. ಯಾವುದನ್ನೂ ಮುಟ್ಟಿ ನೋಡಲಿಲ್ಲ. ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಬಸ್ಸುಗಳು ಬಂದವು. ವಕೀಲರ ಹೆಂಡತಿ ತನ್ನ ತಂಗಿಯನ್ನೂ ಕರೆತಂದಿದ್ದಳು. ಬಸಂತರಾಯ ನನಗೆ ಕಣ್ಸನ್ನೆ ಮಾಡಿದ. ನಾನು ಸಾಲಿನಲ್ಲಿ ನಿಂತು, ಇದು ತಾಯಿ ಮಗಳ ಉಡಿಗೆ ಹಾಕಿದ ಬೀಜ, ಬರದಲ್ಲೂ ಕಾಪಾಡಿದ ಬೀಜ, ಕೆಂಪು ಕಟ್ಟಿದ್ದು ಎಲ್ಲಕ್ಕಿಂತ ಸಿಹಿ ಎಂದು ಮರಾಠಿಯಲ್ಲಿ ವ್ಯಾಖ್ಯಾನ ಕೊಟ್ಟೆ. ಬಾಯಿ ನಡುಗಲಿಲ್ಲ. ಜನ ಕೆಂಪಿಗೆ ಮುಗಿಬಿದ್ದರು. ಗುರವ್ವ ಸುಟ್ಟಳು, ತಿಕ್ಕಿದಳು, ಕೊಟ್ಟಳು. ಬೆಲ್ಲವನ್ನು ಮಾತ್ರ ಈ ಸಲ ಹೆಚ್ಚು ಇಡಿಸಿದ್ದರು. ವಕೀಲರ ಹೆಂಡತಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಹೋದ ವರ್ಷದ್ದಕ್ಕಿಂತ ರುಚಿಯಾಗಿದೆ ಎಂದು ತಂಗಿಗೆ ಹೇಳಿದಳು.

ಬಸ್ಸುಗಳು ಹೋದ ಮೇಲೆ ಗುರವ್ವ ಕೆಂಡದ ಮೇಲೆ ಮಣ್ಣು ಎಳೆಯುತ್ತಿದ್ದಳು. ನಾನು ಅವಳನ್ನು ದಾಟಿ ಹೋಗಬೇಕಿತ್ತು, ಬೇರೆ ದಾರಿ ಇರಲಿಲ್ಲ.

"ಮಾಸ್ತರ್ರ, ಕಣ್ಣ ಮುಚ್ಚಿ ತಿಂದ್ರಲ್ಲ, ಆ ಬಾಯಾರು ಏನಂದ್ರು?" ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ದಿನವೆಲ್ಲ ಹೇಳಿದ್ದೆನಲ್ಲ, ಇನ್ನೊಂದು ಹೆಚ್ಚಾಗುತ್ತಿರಲಿಲ್ಲ. ಆದರೆ ಅವಳ ಮುಂದೆ ನನ್ನ ನಾಲಿಗೆ, ಅದೂ ಆವತ್ತೇ, ನಿಜ ಹೇಳಿಬಿಟ್ಟಿತು. ಹೋದ ವರ್ಷದ್ದಕ್ಕಿಂತ ರುಚಿ ಆಗೈತಿ ಅಂದರು ಎಂದೆ.

ಗುರವ್ವ ಕೆಂಡ ಮುಚ್ಚುವುದನ್ನು ನಿಲ್ಲಿಸಿದಳು. ಸುತ್ತ ಬಿದ್ದಿದ್ದ ಕೆಂಪು ಚಿಂದಿಗಳನ್ನು ನೋಡಿದಳು.

"ಹಂಗಾರ ನಮ್ಮ ಮನಿಯವರಿಗೆ ಆ ಬೀಜದ ಗಂಜಿ ಕೊಡಬಹುದಿತ್ರಿ," ಎಂದಳು.

ನಾನು ಊರಿನ ಕಡೆ ನಡೆದೆ. ಅವಳು ಉಳಿದ ಮಣ್ಣನ್ನೂ ಎಳೆದು ಕುಣಿ ಮುಚ್ಚಿದಳು.